ಹನ್ನೊಂದಕ್ಕೆ ಮೂರು

ನನ್ನ ಅಭಿಪ್ರಾಯ ಕೇಳಿದರೆ, ವಿಡಿಯೋ ಗೇಮಿನ ಹಕ್ಕಿ ಹೊಡೆಯುವ ಆಟ ಶುದ್ಧ ಮೋಸ. ಪ್ಲಾಸ್ಟಿಕ್ ಬಂದೂಕನ್ನು ಟೀವಿಯ ಕಡೆ ಹಿಡಿದು ಗುರಿಯಿಟ್ಟು ಹೊಡೆದರೆ ಹಕ್ಕಿ ಬೀಳುತ್ತದೆ. ಮೊದಲ ಮೂರು ದಿನ ನಾನೂ ಭಾರಿ ಗುರಿಗಾರ್ತಿಯೆಂದು ಬೀಗಿದೆ. ನಾಲ್ಕನೆಯ ದಿನ ಅನುಮಾನ ಬಂದು ಬಂದೂಕನ್ನು ಅಡುಗೆಮನೆಯ ಬಲ್ಬಿನ ಕಡೆ ತಿರುಗಿಸಿ ಟ್ರಿಗರ್ ಎಳೆದೆ. ಬೆನ್ನ ಹಿಂದೆ ಟೀವಿಯಲ್ಲಿ ಹಕ್ಕಿ ದೊಪ್ಪನೆ ಬಿತ್ತು. ಅವತ್ತೇ ಕ್ಯಾಸೆಟ್ ಕಿತ್ತು ಡಬ್ಬಕ್ಕೆ ಹಾಕಿದೆ.

ಬೈಕ್ ರೇಸು ಇನ್ನೂ ಕೆಟ್ಟದ್ದು. ನಾನು ಹಿಂದೆ ಬಿದ್ದರೆ ಮುಂದಿನ ಬೈಕುಗಳೆಲ್ಲ ನಿಧಾನವಾಗುತ್ತವೆ, ನಾನು ಮುಂದೆ ಹೋದರೆ ಅವಕ್ಕೆಲ್ಲ ಎಲ್ಲಿಲ್ಲದ ವೇಗ ಬರುತ್ತದೆ. ಪರೀಕ್ಷೆ ಮಾಡಲೆಂದು ಒಂದು ದಿನ ಬೈಕನ್ನು ಆಮೆಯ ಹಾಗೆ ಓಡಿಸಿಕೊಂಡು ಒಂದು ಲೋಟ ಕಾಫಿ ಕುಡಿದು ಮುಗಿಸಿದೆ. ಆಗಲೂ ಮುಂದಿನವನು ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇದ್ದ. ನನಗಾಗಿ ಕಾಯುತ್ತಿದ್ದ! ಹಾಗೆ ಕಾದವರನ್ನು ಹಿಂದೆ ಹಾಕಿದರೆ ಅದು ಗೆಲುವಲ್ಲ, ಅವರು ಹಾಕಿದ ಭಿಕ್ಷೆ. ಮೇಲಿಂದ ಇಟ್ಟಿಗೆ ಬೀಳುವ ಆಟದಲ್ಲಿ ಉದ್ದ ಕೋಲು ಬೇಕೆಂದು ಕಾದು ಕೂತರೆ ಬರುವುದಿಲ್ಲ, ಬೇಸತ್ತು ಜಾಗ ಮುಚ್ಚಿದ ಮರುಗಳಿಗೆಯೇ ಸಾಲಾಗಿ ಎರಡು ಬರುತ್ತವೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವಳು, ಸುಮ್ಮನೆ ಬಾಯಿಗೆ ಬಂದದ್ದು ಹೇಳುವುದಿಲ್ಲ. ನೋಟ್‌ಬುಕ್ಕಿನಲ್ಲಿ ಗೀಟು ಹಾಕಿ ಎಣಿಸಿದ್ದೇನೆ. ಇನ್ನು 'ಒಂದರಲ್ಲಿ ಸಾವಿರ ಆಟ' ಎಂದು ಚೀಟಿ ಅಂಟಿಸಿಕೊಂಡ ಕ್ಯಾಸೆಟ್ಟಿನಲ್ಲಿ ನಿಜವಾಗಿ ಇರುವುದು ಹದಿನೇಳು ಆಟ. ಅವೇ ಬೇರೆ ಬೇರೆ ಹೆಸರಿನ ಅಂಗಿ ತೊಟ್ಟು ತಿರುತಿರುಗಿ ಬರುತ್ತವೆ.

ಈ ಅಭಿಪ್ರಾಯಗಳೆಲ್ಲ ನನ್ನೊಳಗೇ ಇರಲಿಲ್ಲ. ಹಾಸನದ ಬಸ್ ಸ್ಟ್ಯಾಂಡಿನ ಹಿಂದೆ ಪಾಲಾಕ್ಷನೆಂಬವನು ಎರಡು ಟೀವಿ ಇಟ್ಟು ವಿಡಿಯೋ ಗೇಮಿನ ಅಂಗಡಿ ಮಾಡಿಕೊಂಡಿದ್ದ. ಸಾಲಗಾಮೆಯವನು, ಮಾತು ಜಾಸ್ತಿ. ನಾನು ಪ್ರತಿ ಶನಿವಾರ ಬೆಳಗಿನ ಸ್ಕೂಲು ಮುಗಿಸಿ ಹೊಳೆನರಸೀಪುರದಿಂದ ಬಸ್ಸು ಹತ್ತಿ ಬಂದು, ಹಳೆಯ ಕ್ಯಾಸೆಟ್ ಕೊಟ್ಟು ಹೊಸದು ತೆಗೆದುಕೊಂಡು ಹೋಗುತ್ತಿದ್ದೆ. ಒಂದು ದಿನ ಅವನು ಹೇಳಿದ:

"ಮೇಡಮ್ಮೋರೆ, ಇಸ್ಕೊಂಡೋಗೋರೆಲ್ಲ ಇದ್ ಎಂಗೈತೆ, ಅದ್ ಎಂಗೈತೆ ಅಂತ ನನ್ ತಲೆ ತಿಂತಾರೆ. ನಾನ್ ಅಂಗ್ಡಿ ನೋಡ್ಲಾ, ಕೂತ್ಕಂಡ್ ಆಟ ಆಡ್ಲಾ? ನೀವ್ ಓದಿರೋರು, ಒಂದೆರಡ್ ಮಾತು ಬರ್ಕೊಟ್ಬುಡಿ."

ಬರೆದುಕೊಟ್ಟೆ. ಒಂದೊಂದು ಡಬ್ಬದೊಳಗೂ ನನ್ನ ಒಂದು ಚೀಟಿ. ಪ್ರತಿ ಚೀಟಿಯಲ್ಲೂ ಯಾವ ಆಟ ಯಾವ ಥರ ಮೋಸ ಮಾಡುತ್ತದೆ ಎಂಬ ವಿವರ. ಅದರಿಂದ ಅವನ ವ್ಯಾಪಾರವೇನೂ ಕೆಡಲಿಲ್ಲ. ಮೋಸ ಎಲ್ಲಿದೆ ನೋಡೋಣ ಎಂದು ಜನ ಇನ್ನೂ ಹೆಚ್ಚು ಒಯ್ಯತೊಡಗಿದರು. ಟೆನಿಸ್ ಕ್ಯಾಸೆಟ್ಟಿಗೆ ಮಾತ್ರ ನಾನು ಬೇರೆ ಥರ ಬರೆದಿದ್ದೆ: 'ಇಬ್ಬರು ಕೂತು ಆಡಿದರೆ ಈ ಆಟ ಮಧ್ಯೆ ತಲೆ ಹಾಕುವುದಿಲ್ಲ. ಮೋಸವಾದರೆ ಅದು ನಿಮ್ಮ ಪಕ್ಕದಲ್ಲಿ ಕೂತವರದು.'

ನನ್ನನ್ನು ಮದುವೆಗಾಗಿ ನೋಡಲು ಬಂದ ಕೇದಾರ್ ಜೊತೆ ನಾನು ಆಡಿದ್ದು ಈ ಟೆನಿಸ್ಸನ್ನೇ.

೧೯೯೮ರ ಮಾತು. ನನಗೆ ಇಪ್ಪತ್ತಾರು ದಾಟಿತ್ತು. ಅದಕ್ಕೆ ಎರಡು ವರ್ಷ ಮುಂಚೆ ಅರಕಲಗೂಡಿನ ಒಬ್ಬ ಹುಡುಗನ ಜೊತೆ ನನ್ನ ನಿಶ್ಚಿತಾರ್ಥಕ್ಕೆ ದಿನ ಗೊತ್ತಾಗಿತ್ತು. ಎಂಎಸ್ಸಿ ಎಂದಿದ್ದರು. ನಿಶ್ಚಿತಾರ್ಥಕ್ಕೆ ಮೂರು ದಿನ ಇದೆ ಎನ್ನುವಾಗ ಅವನು ಬಿಎಸ್ಸಿಯನ್ನೇ ಪಾಸು ಮಾಡಿಲ್ಲ ಎಂಬುದು ಬಯಲಾಯಿತು. ಓದಿಲ್ಲವೆಂದು ನನಗೆ ಸಿಟ್ಟು ಬರಲಿಲ್ಲ. ಅದಕ್ಕೆ ಮುಂಚೆ ನಾಲ್ಕು ಸಲ ನಮ್ಮ ಮನೆಯ ಜಗಲಿಯಲ್ಲಿ ಕೂತು, ಎಂಎಸ್ಸಿಯ ಪ್ರಯೋಗಾಲಯದಲ್ಲಿ ಏನೇನಾಯಿತೆಂದು ನಗುನಗುತ್ತಾ ಕಥೆ ಹೇಳಿದ್ದನಲ್ಲ, ಅದು ಹೊಟ್ಟೆ ಉರಿಸಿತು. ನಾನು ಆ ಕಥೆಗಳಿಗೆಲ್ಲ ನಕ್ಕಿದ್ದೆ. ಅಲ್ಲಿಂದಾಚೆಗೆ ಯಾರಾದರೂ ನಗುನಗುತ್ತಾ ಮಾತಾಡಿದರೆ ನನಗೆ ಮೈಯೆಲ್ಲ ಕಿವಿ. ಅಪ್ಪನಿಗೂ ಅಷ್ಟೆ. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾಗಿದ್ದ ಅವರು, ಬಂದ ಹಾಲನ್ನೂ ಎರಡೆರಡು ಸಲ ಅಳೆದು ನೋಡುವಂತಾಗಿದ್ದರು.

ಕೇದಾರ್ ಚನ್ನರಾಯಪಟ್ಟಣದವರು, ಅಲ್ಲೇ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಲೆಕ್ಚರರ್. ಭಾನುವಾರ ಬೆಳಿಗ್ಗೆ ಅವರ ಅಪ್ಪ, ಅಮ್ಮ, ದೊಡ್ಡಪ್ಪನ ಜೊತೆ ಬಂದರು. ಉಪ್ಪಿಟ್ಟು, ಕೇಸರಿಬಾತು ಆಯಿತು. ದೊಡ್ಡಪ್ಪನವರು ಕೈ ತೊಳೆದುಕೊಂಡು ಬಂದು, "ಈಗಿನ ಕಾಲ ಸ್ವಾಮಿ, ಹುಡುಗ ಹುಡುಗಿ ಒಂದೈದು ನಿಮಿಷ ಮಾತಾಡ್ಕೊಳ್ಲಿ" ಎಂದರು. ಒಳಕೋಣೆಗೆ ಕಳಿಸಿದರು. ಅಲ್ಲಿ ನಮ್ಮ ಹದಿನಾಲ್ಕು ಇಂಚಿನ ಕಪ್ಪು ಬಿಳುಪು ಟೀವಿ, ಅದರ ಮುಂದೆ ನನ್ನ ವಿಡಿಯೋ ಗೇಮು. ಅಮ್ಮ ಬೆಳಿಗ್ಗೆಯಿಂದ ಹತ್ತು ಸಲ "ಅದನ್ನ ಮಂಚದ ಕೆಳಗೆ ತಳ್ಳೇ ಹಂಸ" ಎಂದಿದ್ದರು. ನಾನು ತಳ್ಳಿರಲಿಲ್ಲ. ಇರುವುದನ್ನು ಬಚ್ಚಿಟ್ಟು ಮದುವೆ ಆಗುವುದು ನನಗೆ ಬೇಕಿರಲಿಲ್ಲ.

"ಇದು ಯಾರದ್ದು?" ಎಂದು ಕೇದಾರ್ ಕೇಳಿದರು.

"ನಂದೇ."

"ಹೌದಾ! ನಾನೊಂದ್ಸಲ ಆಡ್ಲಾ?"

ಐದು ನಿಮಿಷ ಹೋಗಿ ಇಪ್ಪತ್ತು ನಿಮಿಷವಾಯಿತು. ಮೊದಲ ಆಟ ಹನ್ನೊಂದಕ್ಕೆ ಮೂರು, ನಾನು ಗೆದ್ದೆ. ಎರಡನೆಯದು ಹನ್ನೊಂದಕ್ಕೆ ಎರಡು. ಮೂರನೆಯದು ಮತ್ತೆ ಹನ್ನೊಂದಕ್ಕೆ ಮೂರು. ಪ್ರತಿ ಸಲ ಚೆಂಡು ತಪ್ಪಿದಾಗಲೂ ಅವರು "ಅಯ್ಯಯ್ಯೋ" ಎಂದು ತೊಡೆ ತಟ್ಟಿಕೊಂಡು ನಗುತ್ತಿದ್ದರು. ಹೊರಡುವಾಗ, "ನೀವು ಭಾರಿ ಚೆನ್ನಾಗಿ ಆಡ್ತೀರಿ" ಎಂದರು. ಕಿವಿಯ ತುದಿ ಕೆಂಪಾಗಿತ್ತು. ನನಗೆ ಅವರು ಇಷ್ಟವಾದರು. ಬಾಗಿಲವರೆಗೆ ಹೋಗಿ ಬಸ್ ಸ್ಟ್ಯಾಂಡಿನ ಕಡೆ ನಡೆಯುವವರನ್ನು ತಿರುವು ದಾಟುವವರೆಗೂ ನೋಡುವಷ್ಟು ಇಷ್ಟವಾದರು.

ಆಮೇಲೆ ಬಂದು ಹಾಸಿಗೆಯ ಮೇಲೆ ಕೂತೆ. ಹುಳ ಕೊರೆಯಲು ಶುರುವಾಯಿತು. ಭೌತಶಾಸ್ತ್ರ ಹೇಳುವವರು, ಚೆಂಡು ಗೋಡೆಗೆ ಬಡಿದರೆ ಯಾವ ಕಡೆ ಹೋಗುತ್ತದೆ ಎಂಬುದನ್ನೇ ದಿನವಿಡೀ ಬೋರ್ಡಿನ ಮೇಲೆ ಬರೆಯುವವರು. ಅಂಥವರಿಗೆ ಮೂರೇ ಪಾಯಿಂಟೇ? ಅದೂ ಮೊದಲ ಸಲ ಮೂರು, ಕೊನೆಯ ಸಲವೂ ಮೂರು! ಹೆಣ್ಣು ಖುಷಿಯಾಗಲಿ ಎಂದು ಬೇಕೆಂದೇ ಸೋತಿರಬೇಕು. ಬೈಕ್ ರೇಸಿನವನ ಹಾಗೆ ಮುಂದೆ ನಿಂತು ಕಾದಿದ್ದಾರೆ. ಬೇರೆ ಹುಡುಗಿಯರಿಗೆ ಇದು ಮುದ್ದಾಗಿ ಕಾಣಬಹುದೋ ಏನೋ. ಮೊದಲ ಅರ್ಧ ಗಂಟೆಯಲ್ಲೇ ನಗುನಗುತ್ತಾ ಸುಳ್ಳು ಆಡುವವರು ಮುಂದಿನ ನಲವತ್ತು ವರ್ಷ ಏನೇನು ಆಡಿಯಾರು?

ಎರಡೂ ಕಡೆಯ ಜಾತಕ ಕೂಡಿತು. ಅವರ ಕಡೆಯಿಂದ ಒಪ್ಪಿಗೆ ಎಂದು ಮಂಗಳವಾರವೇ ಹೇಳಿಕಳಿಸಿದರು. ಅಪ್ಪ ನನ್ನ ಮುಖ ನೋಡಿದರು. ಬರುವ ಸೋಮವಾರದೊಳಗೆ ಹೇಳುತ್ತೇನೆ ಎಂದೆ. ಅಮ್ಮ, "ಇನ್ನೇನೇ ನಿಂದು?" ಎಂದು ತಲೆ ಚಚ್ಚಿಕೊಂಡರು. ನನಗೆ ಹೌದು ಎನ್ನುವ ಆಸೆ ಗಂಟಲವರೆಗೂ ಬಂದಿತ್ತು. ಅದಕ್ಕೇ ಇನ್ನಷ್ಟು ಹೆದರಿಕೆ. ಅರಕಲಗೂಡಿನವನ ಸಲವೂ ಹೀಗೇ ಬಂದಿತ್ತು.

ಶನಿವಾರ ಕ್ಯಾಸೆಟ್ ಬದಲಾಯಿಸಲು ಹೋದಾಗ ಪಾಲಾಕ್ಷ ತಾನಾಗಿಯೇ ಸುದ್ದಿ ತೆಗೆದ.

"ಮೇಡಮ್ಮೋರೆ, ನಿಮ್ ಚೀಟಿಗೆ ಒಬ್ರು ಸಾಯೇಬ್ರು ಸಿಕ್ಕವ್ರೆ ಕಣ್ರೀ. ಪಟ್ಣದಿಂದ ಬತ್ತಾರೆ, ಲೆಕ್ಚರ್ ಅಂತೆ. ಕೂತ್ಕಂಡ್ರೆ ಟೆನಿಸ್ ಬಿಟ್ಟು ಬ್ಯಾರೆ ಮುಟ್ಟಾಕಿಲ್ಲ."

ಪಟ್ಣವೆಂದರೆ ನಮ್ಮ ಕಡೆ ಚನ್ನರಾಯಪಟ್ಟಣ. "ಎಷ್ಟು ಸಲ ಬರ್ತಾರೆ?"

"ದಿನಾ ಬತ್ತಾರೆ. ಸಂಜೆ ಬಸ್ಸಿಗ್ ಬಂದು, ಆಡಿ, ಕೊನೇ ಬಸ್ಸಿಗ್ ಓಯ್ತಾರೆ. ಭಾರಿ ಕೈ ಬುಡಿ. ನಮ್ ಅಂಗ್ಡೀಲಿ ಅವ್ರುನ್ನ ಮುರ್ಯೋರು ಇಲ್ಲ."

ಅಷ್ಟು ಸಾಕಾಯಿತು. ದಿನಾ ಆಡುವವರು, ಹಾಸನದಲ್ಲಿ ಯಾರಿಗೂ ಸೋಲದವರು, ನಮ್ಮ ಒಳಕೋಣೆಯಲ್ಲಿ ನನ್ನ ಮುಂದೆ ಮೂರೇ ಪಾಯಿಂಟಿಗೆ ಬಿದ್ದರು. "ನಾನೊಂದ್ಸಲ ಆಡ್ಲಾ" ಎಂದು ಏನೂ ಅರಿಯದವರ ಹಾಗೆ ಕೇಳಿದ್ದರು ಬೇರೆ! ಸಿಟ್ಟಿನಲ್ಲಿ ನಾನು ಹೊಸ ಕ್ಯಾಸೆಟ್ ತೆಗೆದುಕೊಳ್ಳುವುದನ್ನೂ ಮರೆತು ಸೀದಾ ಚಿಕ್ಕಮ್ಮನ ಮನೆಗೆ ಹೋದೆ. ಯಾವತ್ತಿನಿಂದ ಬರುತ್ತಾರೆ ಎಂದು ಪಾಲಾಕ್ಷನನ್ನು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಇಟ್ಟಿಗೆಯ ಕೋಲುಗಳನ್ನು ಗೀಟು ಹಾಕಿ ಎಣಿಸುವವಳಿಗೆ ಹೊಳೆಯಲಿಲ್ಲ.

ಚಿಕ್ಕಮ್ಮ ಹಾಸನದಲ್ಲೇ ಇರುವವರು, ನನ್ನ ಪರ. "ಮದುವೆಗೆ ಮುಂಚೆ ಇನ್ನೊಂದು ಸಲ ನೋಡಬೇಕು" ಎಂದರೆ ಅಪ್ಪ ಒಪ್ಪುತ್ತಿರಲಿಲ್ಲ. ಚಿಕ್ಕಮ್ಮ ಫೋನು ಮಾಡಿ, ತಾನು ಹುಡುಗನನ್ನು ನೋಡಿಲ್ಲ, ನೋಡದೆ ತನ್ನ ಮನೆಯಿಂದ ಒಪ್ಪಿಗೆ ಇಲ್ಲ ಎಂದು ಗಲಾಟೆ ಮಾಡಿ, ಮಾರನೆಯ ದಿನವೇ ಕೇದಾರ್ ಅವರನ್ನು ಕರೆಸಿದರು. ಊಟವಾದ ಮೇಲೆ ನಾನೇ ಬಾಯಿಬಿಟ್ಟು, "ಇಲ್ಲೇ ಹತ್ತಿರದಲ್ಲಿ ಒಂದು ವಿಡಿಯೋ ಗೇಮಿನ ಅಂಗಡಿ ಇದೆ, ಹೋಗೋಣವಾ?" ಎಂದೆ. ಅವರ ಮುಖ ಅರಳಿತು. ಅದನ್ನು ಕಂಡು ನನ್ನ ಅನುಮಾನ ಇನ್ನೊಂದು ಗೇಣು ಬೆಳೆಯಿತು.

ನನ್ನ ಉಪಾಯ ಸರಳವಾಗಿತ್ತು. ಈ ಸಲ ನಾನು ಸೋಲಲು ಆಡುವುದು. ಅವರು ನನ್ನನ್ನು ಗೆಲ್ಲಿಸಬೇಕೆಂದಿದ್ದರೆ ನನಗಿಂತಲೂ ಕೆಟ್ಟದಾಗಿ ಆಡಲೇಬೇಕು. ಆಗ ಕೈಗೆ ಸಿಕ್ಕಿಬೀಳುತ್ತಾರೆ. ಸಿಕ್ಕಿಬಿದ್ದರೆ ಅಲ್ಲೇ ಎದ್ದು ಬಂದು, ಬೇಡವೆಂದು ಅಪ್ಪನಿಗೆ ಹೇಳುವುದು. ಸಿಕ್ಕಿಬೀಳದಿದ್ದರೆ ಹೌದು ಎನ್ನುವುದು. ಸಿಕ್ಕಿಬೀಳದೆ ಇರಲಪ್ಪ ಎಂದು ಒಳಗೊಳಗೇ ನರಸಿಂಹಸ್ವಾಮಿಗೆ ಹರಕೆಯನ್ನೂ ಹೊತ್ತೆ.

ಅಂಗಡಿಯಲ್ಲಿ ಮಧ್ಯಾಹ್ನದ ಹೊತ್ತು ಯಾರೂ ಇರಲಿಲ್ಲ. ಪಾಲಾಕ್ಷ ನಮ್ಮಿಬ್ಬರನ್ನೂ ಒಟ್ಟಿಗೆ ಕಂಡು ಬಾಯಿ ತೆರೆದವನು ಹಾಗೇ ನಿಂತ. ಚಿಕ್ಕಮ್ಮ ವ್ಯಾನಿಟಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಪರೀಕ್ಷೆಯ ಮೇಲ್ವಿಚಾರಕಿಯ ಹಾಗೆ ಕೂತರು. ಕೇದಾರ್ ಅಂಗಿಯ ತೋಳು ಮಡಿಚಿಕೊಂಡರು.

"ಈ ಸಲ ಬಿಡಲ್ಲ ನಾನು" ಎಂದರು.

ಮೊದಲ ಆಟ. ನಾನು ಚೆಂಡು ಬಂದ ಕಡೆಗೆ ಒಂದು ಕ್ಷಣ ತಡವಾಗಿ ಹೋದೆ. ಹನ್ನೊಂದಕ್ಕೆ ಐದು, ಅವರು ಗೆದ್ದರು. ಕೂತಲ್ಲೇ ಹಾರಿ ಬಿದ್ದು, "ಗೆದ್ದೆ ರೀ!" ಎಂದು ಕೂಗಿದರು. ಪಾಲಾಕ್ಷನ ಕೈ ಕುಲುಕಿದರು. ಎರಡನೆಯ ಆಟ. ನಾನು ಇನ್ನೂ ಕೆಟ್ಟದಾಗಿ ಆಡಿದೆ. ಈಗ ಸೋಲುತ್ತಾರೆ, ಈಗ ಸೋಲುತ್ತಾರೆ ಎಂದು ಓರೆಗಣ್ಣಲ್ಲಿ ಅವರ ಬೆರಳನ್ನೇ ನೋಡುತ್ತಿದ್ದೆ. ಅವರು ಸೋಲಲಿಲ್ಲ. ಏಳಕ್ಕೆ ಒಂದಾಯಿತು. ಎಂಟಕ್ಕೆ ಒಂದು. ಅವರ ಮುಖದಲ್ಲಿದ್ದ ನಗು ಆರುತ್ತಾ ಬಂತು. ಒಂಬತ್ತಕ್ಕೆ ಒಂದಾದಾಗ ಜಾಯ್‌ಸ್ಟಿಕ್ಕನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಟೀವಿಯಲ್ಲಿ ಚೆಂಡು ಒಂದೇ ಸಮನೆ ತಾನೇ ಆಚೆ ಹೋಗಿ ನನ್ನ ಪಾಯಿಂಟು ಏರತೊಡಗಿತು.

"ನೀವು ಆಡ್ತಾ ಇಲ್ಲ" ಎಂದರು.

"ಆಡ್ತಿದೀನಲ್ಲ."

"ಇಲ್ಲ. ಹೋದ ಭಾನುವಾರ ಚೆಂಡು ಬರೋಕೆ ಮೊದ್ಲೇ ನೀವು ಅಲ್ಲಿರ್ತಿದ್ರಿ. ಇವತ್ತು ಪ್ರತಿ ಸಲ ಒಂದೇ ಒಂದು ಬೆರಳು ಹಿಂದೆ. ಆಡೋಕೆ ಬರದೇ ಇರೋರು ಎಲ್ಲೆಲ್ಲೋ ಇರ್ತಾರೆ. ಅಷ್ಟು ಲೆಕ್ಕವಾಗಿ ತಪ್ಪಿಸೋಕೆ ಚೆನ್ನಾಗಿ ಬರೋರಿಗೆ ಮಾತ್ರ ಆಗುತ್ತೆ."

ಸಿಕ್ಕಿಬಿದ್ದವಳು ನಾನು! ತಪ್ಪಾಯಿತು ಎನ್ನುವುದು ಬಿಟ್ಟು ಎಗರಿಬಿದ್ದೆ.

"ನೀವು ಅವತ್ತು ಮಾಡಿದ್ದೂ ಅದೇ ತಾನೇ? ಹೆಣ್ಣಿನ ಮುಂದೆ ಬೇಕೂಂತ ಸೋತು ಒಳ್ಳೆಯವರು ಅನ್ನಿಸ್ಕೊಂಡ್ರಿ. ದಿನಾ ಇಲ್ಲಿಗೆ ಬಂದು ಆಡೋರು ನೀವು. ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ?"

ಅವರು ನನ್ನನ್ನೇ ನೋಡಿದರು, ಆಮೇಲೆ ಪಾಲಾಕ್ಷನನ್ನು ನೋಡಿದರು. "ಯಾವತ್ತಿಂದ ಬರ್ತಿದೀನಿ ಅಂತ ಸ್ವಲ್ಪ ಹೇಳಪ್ಪ."

"ಓದ್ ಸ್ವಾಮಾರದಿಂದ ಕಣ್ ಸಾ" ಎಂದ ಪಾಲಾಕ್ಷ. ನನ್ನ ಕಡೆ ತಿರುಗಿ, "ಮೊದಲ್ನೇ ದಿನ ಜಾಯ್‌ಸ್ಟಿಕ್ ಸರ್ಯಾಗ್ ಇಡ್ಕಳಾಕೂ ಬತ್ತಿರ್ನಿಲ್ಲ ಇವ್ರಿಗೆ. ಚಿಕ್ ಚಿಕ್ ಹೈಕ್ಳೆಲ್ಲ ಸೋಲ್ಸಾಕಿದ್ವು. ಆಮೇಕ್ ಹಟ ಇಡುದ್ರು ನೋಡಿ" ಎಂದ.

ಅಂದರೆ ನಮ್ಮ ಮನೆಗೆ ಬಂದು ಹೋದ ಮಾರನೆಯ ದಿನದಿಂದ. ಕೇದಾರ್ ಬಲಗೈಯನ್ನು ನನ್ನ ಮುಂದೆ ಚಾಚಿದರು. ಹೆಬ್ಬೆರಳ ತುದಿಯಲ್ಲಿ ಬೊಬ್ಬೆ ಎದ್ದು ಒಡೆದು ಚರ್ಮ ಸುಲಿದಿತ್ತು. ಆಣೆ ಮಾಡಿ ಹೇಳುತ್ತೇನೆ, ಆ ಬೊಬ್ಬೆಯೂ ಬಿಸಿ ಹಾಲಿನ ಪಾತ್ರೆ ಮುಟ್ಟಿ ಆದದ್ದಿರಬಹುದೇ ಎಂದು ಒಂದು ಕ್ಷಣ ನನಗೆ ಅನ್ನಿಸಿತು. ನನ್ನ ಬುದ್ಧಿ ಅಷ್ಟು ಕೆಟ್ಟಿತ್ತು.

"ಅವತ್ತು ನಿಮ್ಮನೇಲೇ ನಾನು ಅದನ್ನ ಮೊದಲ್ನೇ ಸಲ ಕೈಯಲ್ಲಿ ಹಿಡಿದಿದ್ದು" ಎಂದರು. ದನಿ ಏರಿರಲಿಲ್ಲ. "ನಿಜವಾಗ್ಲೂ ಸೋತೆ. ಸೋತಿದ್ದು ಖುಷಿಯಾಯ್ತು, ಎಷ್ಟು ಚೆನ್ನಾಗಿ ಆಡ್ತಾರೆ ಅಂತ. ಮದುವೆಯಾದ್ಮೇಲೆ ನಿಮ್ ಜೊತೆ ಸಮಸಮ ಕೂತು ಆಡ್ಬೇಕು ಅಂತ ಕಲಿಯೋಕ್ ಬಂದೆ. ಚೀಟಿ ಬರೆದೋರು ಹೊಳೆನರಸೀಪುರದ ಗಣಿತದ ಮೇಡಮ್ ಅಂತ ಇವನು ಹೇಳ್ದ, ನೀವೇ ಅಂತ ಗೊತ್ತಾಗಿ ಎಲ್ಲಾ ಓದ್ದೆ. ನಕ್ಕು ನಕ್ಕು ಸಾಕಾಯ್ತು. ಬಲ್ಬಿಗೆ ಬಂದೂಕ ಹಿಡಿದಿದ್ದು ಓದಿ ನಮ್ ಸ್ಟಾಫ್ ರೂಮಲ್ಲೆಲ್ಲಾ ಹೇಳ್ದೆ. ಆದ್ರೆ ಒಂದು ಕೇಳ್ತೀನಿ. ಅಷ್ಟೊಂದು ಆಟದಲ್ಲಿ ಮೋಸ ಮಾಡ್ದೇ ಇರೋದು ಒಂದಾದ್ರೂ ನಿಮ್ಗೆ ಸಿಗ್ಲಿಲ್ವಾ?"

ಇನ್ನೊಂದು ಆಟ ಆಡೋಣ, ಈ ಸಲ ನಿಜವಾಗಿ ಆಡುತ್ತೇನೆ ಎಂದು ಹೇಳಲು ಬಾಯಿ ತೆರೆದೆ. ಹೇಳಿದರೂ ಇವರು ಹೇಗೆ ನಂಬುತ್ತಾರೆ ಎಂದು ಅದೇ ಹಾಳು ಬುದ್ಧಿ ಮಧ್ಯೆ ಬಂದು ನಿಂತಿತು. ಸೆರಗಿನ ಅಂಚು ತಿರುಚುತ್ತಾ ಕೂತೆ. ಅವರು ಮಡಿಚಿದ್ದ ತೋಳನ್ನು ಬಿಡಿಸಿಕೊಂಡು, ಚಿಕ್ಕಮ್ಮನಿಗೆ ಕೈಮುಗಿದು, ಮೂರು ಗಂಟೆಯ ಬಸ್ಸಿಗೆ ಹೊರಟರು.

ಊರಿಗೆ ಬಂದು ನಾನು ಅಪ್ಪನಿಗೆ ಒಪ್ಪಿಗೆ ಎಂದೆ. ಸೋಮವಾರ ಬೆಳಿಗ್ಗೆಯೇ ಅಪ್ಪ ಕಾಗದ ಹಾಕಿದರು. ಅಮ್ಮ ಮನೆ ದೇವರಿಗೆ ತುಪ್ಪದ ದೀಪ ಹಚ್ಚಿದರು. ನನ್ನ ಪ್ರಾಣ ಪೋಸ್ಟ್‌ಮ್ಯಾನಿನ ಸೈಕಲ್ ಬೆಲ್ಲಿನಲ್ಲಿತ್ತು.

ಗುರುವಾರ ಮಧ್ಯಾಹ್ನ ಇನ್‌ಲ್ಯಾಂಡ್ ಬಂತು. ನಾನು ಸ್ಕೂಲಿನಿಂದ ಬರುವಷ್ಟರಲ್ಲಿ ಅಪ್ಪ ಅದನ್ನು ಎಷ್ಟು ಸಲ ಓದಿದ್ದರೋ, ಮಡಿಕೆಗಳು ಮೆತ್ತಗಾಗಿದ್ದವು. "ಹಂಸ, ಇದೇನು ಅಂತ ನೀನೇ ಓದಿ ಹೇಳು, ನನಗಂತೂ ತಲೆಬುಡ ತಿಳೀಲಿಲ್ಲ" ಎಂದು ಕೈಗೆ ಕೊಟ್ಟರು. ಕೇದಾರ್ ತಮ್ಮ ಅಪ್ಪನ ಕೈಯಲ್ಲಿ ಬರೆಸದೆ ತಾವೇ ಬರೆದಿದ್ದರು.

'ಪೂಜ್ಯರಿಗೆ ನಮಸ್ಕಾರ. ಜಾತಕಗಳು ಕೂಡಿಬಂದಿವೆ. ನಮ್ಮ ಮನೆಯವರೆಲ್ಲರಿಗೂ ಸಂತೋಷವಿತ್ತು. ಆದರೂ ಈ ಸಂಬಂಧ ಬೇಡವೆಂದು ನಾನೊಬ್ಬನೇ ತೀರ್ಮಾನ ಮಾಡಿದ್ದೇನೆ. ಭಾನುವಾರ ಹಾಸನದಲ್ಲಿ ನಿಮ್ಮ ಮಗಳು ನನ್ನನ್ನು ಪರೀಕ್ಷೆ ಮಾಡುವುದಕ್ಕೋಸ್ಕರ ಟೆನಿಸ್ ಆಟದಲ್ಲಿ ಬೇಕೆಂದೇ ಸೋತರು. ನನಗೆ ಅವರ ಮೇಲೆ ಬಹಳ ಆಸೆ ಇತ್ತು. ಆದರೆ ದಿನವೂ ಪರೀಕ್ಷೆಗೆ ಕೂರುವ ಧೈರ್ಯ ನನಗಿಲ್ಲ. ಎಲ್ಲರ ಹಾಗೆ ಜಾತಕ ಕೂಡಲಿಲ್ಲ ಎಂದು ಬರೆಯಬಹುದಿತ್ತು. ಅದು ಸುಳ್ಳಾಗುತ್ತಿತ್ತು. ಕ್ಷಮಿಸಿ.'

ನನ್ನ ಕಣ್ಣಿಗೆ ಅಕ್ಷರಗಳು ಕಾಣದಾದವು. ಸೀಮೆಯಲ್ಲೇ ಯಾವ ಗಂಡಿನ ಕಡೆಯವರೂ ಬೇಡ ಎನ್ನುವುದಕ್ಕೆ ನಿಜವಾದ ಕಾರಣ ಬರೆದದ್ದನ್ನು ನಾನು ಕಂಡಿರಲಿಲ್ಲ, ಕೇಳಿರಲಿಲ್ಲ. ಇಂಥವರೊಬ್ಬರು ಇದ್ದಾರೆಯೇ ಎಂದು ಎರಡು ವರ್ಷದಿಂದ ಹುಡುಕುತ್ತಿದ್ದೆ.

"ಆಟದಲ್ಲಿ ಸೋತ್ಲು ಅಂತ ಯಾರಾದ್ರೂ ಸಂಬಂಧ ಬಿಡ್ತಾರೇನೆ?" ಅಪ್ಪ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ಹೇಳಿದರು. "ಇದು ನೆಪ. ಬೇರೆ ಯಾವುದೋ ದೊಡ್ಡ ಕಡೆಯಿಂದ ಹೆಣ್ಣು ಬಂದಿರಬೇಕು."

"ನನ್ನ ಕೇಳಿದ್ರೆ, ಹುಡುಗನಿಗೆ ಮೊದ್ಲೇ ಯಾರೋ ಇದ್ದಾಳೆ" ಎಂದರು ಅಮ್ಮ ಅಡುಗೆಮನೆಯಿಂದ. "ಮನೇಲಿ ಗೊತ್ತಾಗಿ ಹೀಗೆ ಬರೆದಿದ್ದಾನೆ."

"ಇಲ್ಲಪ್ಪ" ಎಂದೆ. "ಅವರು ಬರೆದಿರೋದು ನಿಜ. ನಾನು ಬೇಕೂಂತ್ಲೇ ಸೋತೆ. ಅಷ್ಟೇ ಕಾರಣ. ಇನ್ನೇನೂ ಇಲ್ಲ."

ಅಪ್ಪ ಕನ್ನಡಕ ಹಾಕಿಕೊಂಡು ನನ್ನ ಮುಖವನ್ನೇ ದಿಟ್ಟಿಸಿದರು. "ನಿನಗೆ ಹೇಗೆ ಗೊತ್ತು?"

ಗೊತ್ತಿತ್ತು. ಆ ಕಾಗದದ ಒಂದು ಅಕ್ಷರದ ಮೇಲೂ ನನಗೆ ಅನುಮಾನವಿರಲಿಲ್ಲ. ಆದರೆ ಹೇಗೆ ಗೊತ್ತು ಎಂದರೆ ತೋರಿಸುವುದಕ್ಕೆ ನನ್ನ ಹತ್ತಿರ ಯಾವ ನೋಟ್‌ಬುಕ್ಕೂ ಇರಲಿಲ್ಲ. "ಅವರು ಸುಳ್ಳು ಹೇಳೋರಲ್ಲಪ್ಪ" ಎಂದು ಅತ್ತುಬಿಟ್ಟೆ.

"ಅರಕಲಗೂಡಿನವನ ಸಲವೂ ಹೀಗೇ ಅಂದಿದ್ದೆ" ಎಂದು ಅಪ್ಪ ಮೆಲ್ಲಗೆ ಹೇಳಿ, ನಾಳೆಯೇ ಪಟ್ಟಣಕ್ಕೆ ಹೋಗಿ ಆ ಹುಡುಗನ ವಿಚಾರವೆಲ್ಲ ತಿಳಿದುಕೊಂಡು ಬರುತ್ತೇನೆಂದು ಬಸ್ಸಿನ ಹೊತ್ತು ಕೇಳಲು ಚಪ್ಪಲಿ ಮೆಟ್ಟಿಕೊಂಡು ಹೊರಟರು.